ನರದ ದಾರಿ, ಮೂಳೆಯ ಕಿಂಡಿ



ತಲೆಬುರುಡೆಯ ಮೂಳೆಗಳು ಮತ್ತು ಅವುಗಳ ಮೂಲಕ ಹಾದುಹೋಗುವ ಹನ್ನೆರಡು ಜೋಡಿ ಕಪಾಲ ನರಗಳು ಇಂದಿನ ಉಪನ್ಯಾಸದ ವಿಷಯ. ಸಭೆಯಲ್ಲಿರುವ ವೈದ್ಯರಿಗೆ ಇದು ಮೊದಲ ವರ್ಷದ ಕಂಠಪಾಠವಾಗಿ ನೆನಪಿರಬಹುದು. ಕಂಠಪಾಠದ ಹಿಂದೆ ಒಂದು ತರ್ಕವಿದೆ, ಆ ತರ್ಕ ವೈದ್ಯರಲ್ಲದವರಿಗೂ ತಿಳಿಯುವಂಥದ್ದು ಎಂಬ ನಂಬಿಕೆಯಿಂದ ಈ ವಿಷಯವನ್ನು ಆರಿಸಿಕೊಂಡೆ. ಇನ್ನೊಂದು ಕಾರಣವೂ ಇದೆ. ಈ ತಿಳಿವಳಿಕೆಯ ದೊಡ್ಡ ಪಾಲು ರೂಪುಗೊಂಡದ್ದು ನಾವು ದಿನವೂ ಓಡಾಡುವ ಇದೇ ಲಂಡನ್ನಿನ ಬೀದಿಗಳಲ್ಲಿ. ಇಲ್ಲಿನ ವಿದ್ಯಾರ್ಥಿಗಳು ಅದನ್ನು ಕಲಿತ ಮೂಳೆಗಳಲ್ಲಿ ಎಷ್ಟೋ ನಮ್ಮ ಭಾರತದಿಂದ ಬಂದವು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳಬೇಕಾದ ಹೊಣೆ ಲಂಡನ್ನಿನ ಕನ್ನಡಿಗರಾದ ನಮ್ಮಂಥವರ ಮೇಲಿದೆ.

ಒಣಗಿದ ಬುರುಡೆಯೊಂದರ ಮೇಲ್ಭಾಗವನ್ನು ಕತ್ತರಿಸಿ ತೆಗೆದರೆ ಒಳಗಿನ ತಳ ಕಾಣುತ್ತದೆ. ಅಲ್ಲಿ ಕಿಂಡಿಗಳಿವೆ, ಸೀಳುಗಳಿವೆ, ಸಣ್ಣ ಕಾಲುವೆಗಳಿವೆ. ಅವುಗಳೊಳಗೆ ಏನೂ ಇಲ್ಲ. ಜಾಡಿಯಲ್ಲಿಟ್ಟ ಮಿದುಳನ್ನು ಬೋರಲು ಹಾಕಿ ನೋಡಿದರೆ ಅದರ ತಳದಿಂದ ಹೊರಟ ನರಗಳ ಮೊಂಡು ತುದಿಗಳು ಕಾಣುತ್ತವೆ. ಅವು ಎಲ್ಲಿಗೆ ಹೊರಟಿದ್ದವು ಎನ್ನುವುದಕ್ಕೆ ಗುರುತಿಲ್ಲ. ಮಿದುಳನ್ನು ಹೊರತೆಗೆಯಬೇಕಾದರೆ ನರಗಳನ್ನು ಕತ್ತರಿಸಬೇಕು, ಮೂಳೆಯನ್ನು ಸ್ವಚ್ಛ ಮಾಡಬೇಕಾದರೆ ನರಗಳು ಕೊಳೆತುಹೋಗಬೇಕು. ಹೀಗಾಗಿ ಒಂದೇ ವಸ್ತುವಿನ ಎರಡು ಅರ್ಧಗಳು ಬೇರೆ ಬೇರೆ ಕಪಾಟು ಸೇರಿದವು. ಪುಸ್ತಕಗಳಲ್ಲೂ ಮೂಳೆಗೊಂದು ಅಧ್ಯಾಯ, ನರಕ್ಕೊಂದು ಅಧ್ಯಾಯವಾಯಿತು. ಇವನ್ನು ಬೇರೆ ಬೇರೆಯಾಗಿ ಓದಿದವರಿಗೆ ಎರಡೂ ಸರಿಯಾಗಿ ದಕ್ಕುವುದಿಲ್ಲ ಎಂಬುದು ನನ್ನ ವಾದ. ಕಪಾಲ ನರಗಳ ಇತಿಹಾಸವೆಲ್ಲ ಈ ಎರಡು ಅರ್ಧಗಳನ್ನು ಮತ್ತೆ ಕೂಡಿಸಲು ನಡೆದ ಪ್ರಯತ್ನ.

ಮೊದಲು ಮೂಳೆಗಳ ಮಾತು. ಬುರುಡೆಯಲ್ಲಿ 22 ಮೂಳೆಗಳಿವೆ. ಮಿದುಳನ್ನು ಸುತ್ತುವರಿದವು 8, ಮುಖದವು 14. ಕಿವಿಯೊಳಗಿನ ಕಿರುಮೂಳೆಗಳನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಳದವಡೆಯೊಂದನ್ನು ಬಿಟ್ಟರೆ ಉಳಿದವು ದೊಡ್ಡವರಲ್ಲಿ ಅಲುಗದಂತೆ ಕೂಡಿಕೊಂಡಿರುತ್ತವೆ. ಮಿದುಳಿನ ಪೆಟ್ಟಿಗೆಯಲ್ಲಿ ಎರಡು ಬಗೆಯ ಕಟ್ಟಡವಿದೆ. ಹಣೆ, ನೆತ್ತಿ, ಪಕ್ಕಗಳ ಚಪ್ಪಟೆ ಮೂಳೆಗಳು ತೆಳುಪೊರೆಯಲ್ಲಿ ನೇರವಾಗಿ ಮೂಡಿದವು. ಹಸುಗೂಸಿನ ನೆತ್ತಿಗೆ ಎಣ್ಣೆ ಒತ್ತುವಾಗ ಅಜ್ಜಿಯ ಬೆರಳಿಗೆ ಸಿಗುವ ಮೆತ್ತನೆಯ ಜಾಗ, ಆ ಪೊರೆಯಲ್ಲಿ ಇನ್ನೂ ಮೂಳೆಯಾಗದೆ ಉಳಿದ ಭಾಗ. ಸುಮಾರು ಒಂದೂವರೆ ವರ್ಷದ ಹೊತ್ತಿಗೆ ಅದು ಮುಚ್ಚುತ್ತದೆ. ಬುರುಡೆಯ ತಳದ ಕಥೆ ಬೇರೆ. ಅದರ ಬಹುಭಾಗ ಮೊದಲು ಮೃದ್ವಸ್ಥಿಯಾಗಿ ರೂಪುಗೊಂಡು ಆಮೇಲೆ ಮೂಳೆಯಾಗುತ್ತದೆ. ಪ್ರಾಚೀನ ವೈದ್ಯರು ಮೂಳೆಗಳನ್ನು ವಿಂಗಡಿಸದೆ ಇರಲಿಲ್ಲ. ಸುಶ್ರುತ ಸಂಹಿತೆ ಚಪ್ಪಟೆ ಮೂಳೆಗಳಿಗೆ ಕಪಾಲವೆಂಬ ವರ್ಗವನ್ನೇ ಮಾಡಿತು. ಹರಿಯುವ ನೀರಿನಲ್ಲಿ ದೇಹವನ್ನು ಏಳು ರಾತ್ರಿ ಇಟ್ಟು, ಪದರ ಪದರವಾಗಿ ಉಜ್ಜಿ ನೋಡುವ ಕ್ರಮವನ್ನೂ ವಿವರಿಸಿತು. ಚರ್ಮದಿಂದ ಮೂಳೆಯವರೆಗೆ ಕಣ್ಣಾರೆ ಕಂಡು ತಿಳಿಯಬೇಕೆಂಬ ಆ ಒತ್ತಾಯ ಇವತ್ತಿಗೂ ಗೌರವಕ್ಕೆ ಅರ್ಹ. ಆದರೆ ಆ ಕ್ರಮದಲ್ಲಿ ಮಿದುಳಿನ ಕೆಳಗಿನ ನವಿರಾದ ನರಗಳು ಉಳಿಯುವುದು ಸಾಧ್ಯವಿರಲಿಲ್ಲ.

ಬುರುಡೆಯ ತಳ ಮೂರು ಮಟ್ಟಗಳಲ್ಲಿ ಹಿಂದಕ್ಕೆ ಇಳಿಯುತ್ತದೆ. ಮುಂದಿನ ಮಟ್ಟ ಮೂಗು ಮತ್ತು ಕಣ್ಣಿನ ಗೂಡುಗಳ ಮೇಲ್ಚಾವಣಿ. ಅಲ್ಲಿ ಎಥ್ಮಾಯ್ಡ್ ಮೂಳೆಯಲ್ಲಿ ಸಣ್ಣ ಸಣ್ಣ ತೂತುಗಳ ತಟ್ಟೆಯೊಂದಿದೆ. ವಾಸನೆಯ ನರದ ಎಳೆಗಳು ಅದರ ಮೂಲಕ ಮೂಗಿನಿಂದ ಮೇಲೇರುತ್ತವೆ. ಹಿಂದಲೆಗೆ ಬಿದ್ದ ಪೆಟ್ಟಿನಿಂದಲೂ ಈ ಎಳೆಗಳು ಹರಿದುಹೋಗಬಹುದು. ಊಟದ ರುಚಿಯೇ ಹೋಯಿತು ಎಂದು ಅಂಥವರು ಹೇಳುವುದು ಅದಕ್ಕೇ. ನಡುವಿನ ಮಟ್ಟದ ಯಜಮಾನ ಸ್ಫೀನಾಯ್ಡ್ ಮೂಳೆ. ಎರಡು ಕಡೆಗೂ ಎರಡೆರಡು ರೆಕ್ಕೆ ಚಾಚಿಕೊಂಡ ಈ ಮೂಳೆ ಹಣೆಯಿಂದ ಹಿಂದಲೆಯವರೆಗೆ ಎಲ್ಲ ಮೂಳೆಗಳನ್ನೂ ಮುಟ್ಟುತ್ತದೆ. ಹನ್ನೆರಡು ಜೋಡಿ ನರಗಳಲ್ಲಿ ಐದು ಜೋಡಿ ಬುರುಡೆಯಿಂದ ಹೊರಬೀಳುವುದು ಈ ಒಂದೇ ಮೂಳೆಯ ದಾರಿಗಳಿಂದ. ನೋಟದ ನರಕ್ಕೆ ಪ್ರತ್ಯೇಕ ಕಾಲುವೆಯಿದೆ. ಕಣ್ಣುಗುಡ್ಡೆಯನ್ನು ತಿರುಗಿಸುವ ಮೂರು ನರಗಳು ಮತ್ತು ಐದನೆಯ ನರದ ಮೊದಲ ಕವಲು ಎರಡು ರೆಕ್ಕೆಗಳ ನಡುವಿನ ಸೀಳಿನಲ್ಲಿ ಕಣ್ಣಿನ ಗೂಡಿಗೆ ನುಗ್ಗುತ್ತವೆ. ಐದನೆಯದರ ಉಳಿದೆರಡು ಕವಲುಗಳಿಗೆ ಒಂದು ದುಂಡನೆಯ, ಒಂದು ಮೊಟ್ಟೆಯಾಕಾರದ ಕಿಂಡಿ. ಹಿಂದಿನ ಮಟ್ಟ ಎಲ್ಲಕ್ಕಿಂತ ಆಳ. ಕಿವಿಯನ್ನು ಒಳಗೊಂಡ ಗಟ್ಟಿ ಮೂಳೆಯಲ್ಲಿ ಮುಖನರವೂ ಶ್ರವಣನರವೂ ಒಂದೇ ಬಾಗಿಲಿನಿಂದ ಒಳಹೊಗುತ್ತವೆ. ಅದರ ಹಿಂದೆ, ಮಿದುಳಿನ ದೊಡ್ಡ ರಕ್ತನಾಳ ಕತ್ತಿಗೆ ಇಳಿಯುವ ಕಿಂಡಿಯಲ್ಲಿ ಒಂಬತ್ತು, ಹತ್ತು, ಹನ್ನೊಂದನೆಯ ನರಗಳು ಕೂಡಿ ಹೊರಡುತ್ತವೆ. ನಾಲಗೆಯ ಚಲನೆಯ ಹನ್ನೆರಡನೆಯದಕ್ಕೆ ಹಿಂದಲೆಯ ಮೂಳೆಯಲ್ಲಿ ಸ್ವಂತ ಕಾಲುವೆಯಿದೆ.

ಈ ಪಟ್ಟಿಯನ್ನು ವಿದ್ಯಾರ್ಥಿಗಳು ಶಾಪವೆಂದು ಭಾವಿಸುತ್ತಾರೆ. ಪಟ್ಟಿ ಶಾಪವಾಗುವುದು ಒಂದು ತಪ್ಪು ಕಲ್ಪನೆಯಿಂದ: ಮೂಳೆ ಮೊದಲಿತ್ತು, ನರ ದಾರಿ ಹುಡುಕಿಕೊಂಡು ಅದರಲ್ಲಿ ತೂರಿತು ಎಂಬ ಕಲ್ಪನೆ. ನಡೆದದ್ದು ಇದಕ್ಕೆ ವಿರುದ್ಧ. ಗರ್ಭದಲ್ಲಿ ಐದಾರು ವಾರಗಳ ಹೊತ್ತಿಗೆ ನರಗಳು ತಮ್ಮ ಗುರಿಯತ್ತ ಹೊರಟಿರುತ್ತವೆ. ತಳದ ಮೃದ್ವಸ್ಥಿ ಕಟ್ಟಿಕೊಳ್ಳುವುದು ಅದರ ನಂತರ, ಅದಾಗಲೇ ಇದ್ದ ನರಗಳನ್ನೂ ರಕ್ತನಾಳಗಳನ್ನೂ ಸುತ್ತುವರಿದು. ಬೇಲಿಗೆ ಹತ್ತಿದ ಮರ ವರ್ಷಗಳು ಕಳೆದಂತೆ ತಂತಿಯ ಸುತ್ತ ಬೆಳೆದು ಅದನ್ನು ಒಳಗಿಟ್ಟುಕೊಳ್ಳುವುದನ್ನು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಕಂಡಿದ್ದೇವೆ. ಮರದಲ್ಲಿ ಯಾರೂ ತೂತು ಕೊರೆಯಲಿಲ್ಲ. ಬುರುಡೆಯ ಒಂದೊಂದು ಕಿಂಡಿಯೂ ಹಾಗೆ, ಅಲ್ಲಿ ಮೊದಲು ಏನು ಹಾದುಹೋಗಿತ್ತು ಎಂಬುದರ ದಾಖಲೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪಟ್ಟಿ ಇತಿಹಾಸವಾಗಿ ಬದಲಾಗುತ್ತದೆ.

ನರಗಳು ಎಷ್ಟು ಜೋಡಿ ಎಂಬ ಪ್ರಶ್ನೆಗೂ ಬಹಳ ಕಾಲ ಒಂದೇ ಉತ್ತರವಿರಲಿಲ್ಲ. ಎರಡನೆಯ ಶತಮಾನದ ಗ್ಯಾಲೆನ್ ಏಳು ಎಂದರು. ಹದಿನಾರನೆಯ ಶತಮಾನದ ವೆಸಾಲಿಯಸ್ ಬೇರೆ ಎಷ್ಟೋ ವಿಷಯಗಳಲ್ಲಿ ಗ್ಯಾಲೆನ್‌ರನ್ನು ತಿದ್ದಿದರೂ ಈ ಏಳನ್ನು ಉಳಿಸಿಕೊಂಡರು. ಲೆಕ್ಕ ಬದಲಾದದ್ದು 1664ರಲ್ಲಿ, ಲಂಡನ್ನಿನಲ್ಲಿ ಅಚ್ಚಾದ ಒಂದು ಲ್ಯಾಟಿನ್ ಪುಸ್ತಕದಿಂದ. ಅದನ್ನು ಬರೆದ ಥಾಮಸ್ ವಿಲ್ಲಿಸ್ ಆಗ ಆಕ್ಸ್‌ಫರ್ಡಿನಲ್ಲಿದ್ದರು. ಮೂರು ವರ್ಷಗಳ ಬಳಿಕ ಲಂಡನ್ನಿಗೆ ಬಂದು ನೆಲೆಸಿ, 1675ರಲ್ಲಿ ತೀರಿಕೊಂಡು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯಾದರು. ಮಿದುಳಿನ ಅಂಗರಚನೆಯನ್ನು ಕುರಿತ ಆ ಪುಸ್ತಕದ ಚಿತ್ರಗಳನ್ನು ಬರೆದವರಲ್ಲಿ ಕ್ರಿಸ್ಟಫರ್ ರೆನ್ ಒಬ್ಬರು. ಪುಸ್ತಕ ಬಂದ ಎರಡೇ ವರ್ಷಗಳಲ್ಲಿ ಲಂಡನ್ನಿನಲ್ಲಿ ಊರಿಗೆ ಊರೇ ಸುಟ್ಟಾಗ ಸೇಂಟ್ ಪಾಲ್ಸ್ ಕೆಥೀಡ್ರಲನ್ನು ಹೊಸದಾಗಿ ಕಟ್ಟುವ ಕೆಲಸ ಯಾರ ಪಾಲಿಗೆ ಬಂತೋ ಅದೇ ರೆನ್.

ವಿಲ್ಲಿಸ್ ಕಂಡದ್ದು ಹೊಸದಾಗಿರಲು ಅವರ ವಿಧಾನ ಕಾರಣ. ಅವರಿಗಿಂತ ಮುಂಚಿನ ಹೆಚ್ಚಿನವರು ಮಿದುಳನ್ನು ಬುರುಡೆಯೊಳಗೇ ಇಟ್ಟು ಮೇಲಿನಿಂದ ಹೋಳು ಹೋಳಾಗಿ ಕತ್ತರಿಸುತ್ತ ಇಳಿಯುತ್ತಿದ್ದರು. ತಳ ಮುಟ್ಟುವಷ್ಟರಲ್ಲಿ ನೋಡಲು ಹೆಚ್ಚೇನೂ ಉಳಿಯುತ್ತಿರಲಿಲ್ಲ. ವಿಲ್ಲಿಸ್ ಮಿದುಳನ್ನು ಇಡಿಯಾಗಿ ಹೊರತೆಗೆದು ತಿರುವಿ ಹಾಕಿದರು. ತಳದ ರಕ್ತನಾಳಗಳ ವೃತ್ತ ಇವತ್ತಿಗೂ ಅವರ ಹೆಸರಿನಲ್ಲಿದೆ. ನರಗಳನ್ನು ಅವರು ಒಂಬತ್ತು ಜೋಡಿ ಎಂದು ಎಣಿಸಿದರು. ಹೇಗೆ ಎಣಿಸಿದರು ನೋಡಿ: ಮುಖನರ ಮತ್ತು ಶ್ರವಣನರ ಒಂದೇ ಬಾಗಿಲಿನಲ್ಲಿ ಹೋಗುವುದರಿಂದ ಅವೆರಡೂ ಸೇರಿ ಏಳನೆಯದು, ಒಂದೇ ಕಿಂಡಿಯಲ್ಲಿ ಹೊರಡುವ ಮೂರು ನರಗಳು ಕೂಡಿ ಎಂಟನೆಯದು. ಎಣಿಕೆಯಲ್ಲಿ ಮೂಳೆಯ ಕಿಂಡಿ ಗೆದ್ದಿತು, ನರದ ಕೆಲಸ ಸೋತಿತು. 1778ರಲ್ಲಿ ಜರ್ಮನಿಯ ಗಾಟಿಂಗನ್ನಿನಲ್ಲಿ ಸ್ಯಾಮ್ಯುಯೆಲ್ ಥಾಮಸ್ ಸೊಮ್ಮರಿಂಗ್ ಎಂಬ ಯುವಕ ತನ್ನ ಪ್ರೌಢಪ್ರಬಂಧದಲ್ಲಿ ಇವನ್ನೆಲ್ಲ ಬಿಡಿಸಿ ಹನ್ನೆರಡಾಗಿ ಮಾಡಿದ. ಇಂದು ಪ್ರಪಂಚವೆಲ್ಲ ಒಪ್ಪಿರುವ ಲೆಕ್ಕ ಅದೇ. ಇಂಗ್ಲೆಂಡ್ ಮಾತ್ರ ಬಹಳ ಕಾಲ ಒಪ್ಪಲಿಲ್ಲ; 1858ರಲ್ಲಿ ಬಂದ ಹೆನ್ರಿ ಗ್ರೇ ಅವರ ಹೆಸರಾಂತ ಅಂಗರಚನಾ ಪಠ್ಯವೂ ಮೊದಲ ಮುದ್ರಣದಲ್ಲಿ ವಿಲ್ಲಿಸ್‌ರ ಒಂಬತ್ತನ್ನೇ ಮುಂದಿಟ್ಟಿತು. ಇದನ್ನು ಹಟವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಾಸಿಗೆಯ ಬಳಿ ನಿಂತ ವೈದ್ಯನಿಗೆ ವಿಲ್ಲಿಸ್‌ರ ಲೆಕ್ಕ ಈಗಲೂ ಉಪಯೋಗಕ್ಕೆ ಬರುತ್ತದೆ: ನುಂಗಲಾಗದೆ, ದನಿ ಒಡೆದು, ಒಂದು ಹೆಗಲು ಎತ್ತಲಾಗದೆ ಬಂದವನಲ್ಲಿ ಮೂರು ನರ ಕೆಟ್ಟಿವೆ ಎನ್ನುವುದಕ್ಕಿಂತ ಒಂದು ಕಿಂಡಿಯಲ್ಲಿ ಏನೋ ಬೆಳೆದಿದೆ ಎನ್ನುವುದು ಹೆಚ್ಚು ಬೆಲೆಯುಳ್ಳ ಊಹೆ.

ಈಗ ಮುಖದ ಎರಡು ನರಗಳಿಗೆ ಬರೋಣ. ಹನ್ನೆರಡರ ಲೆಕ್ಕದಲ್ಲಿ ಐದನೆಯದು, ಮತ್ತು ಏಳನೆಯದಾದ ಮುಖನರ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ.

ಮುಖದ ಒಂದು ಬದಿಗೆ ಮಿಂಚು ಹೊಡೆದಂತೆ ಬಂದು ಹೋಗುವ ಅಸಾಧ್ಯ ನೋವನ್ನು 1773ರಲ್ಲಿ ಲಂಡನ್ನಿನ ವೈದ್ಯ ಜಾನ್ ಫಾದರ್‌ಗಿಲ್ ವಿವರವಾಗಿ ವರ್ಣಿಸಿದರು. ಹಲ್ಲುಜ್ಜಲು, ಮುಖ ತೊಳೆಯಲು, ಒಂದು ತುತ್ತು ಅಗಿಯಲು ಹೆದರುವಂಥ ನೋವು. ನರ ಕತ್ತರಿಸಿದರೆ ನೋವು ನಿಲ್ಲಬಹುದೆಂದು ಶಸ್ತ್ರವೈದ್ಯರು ಕೈಹಾಕಿದರು. ಯಾವ ನರ? ಕೆನ್ನೆಯಲ್ಲಿ ಸುಲಭವಾಗಿ ಸಿಗುವುದು ಏಳನೆಯದು. ಅದನ್ನು ಕತ್ತರಿಸಿದಾಗ ನೋವು ಇದ್ದಲ್ಲೇ ಇರುತ್ತಿತ್ತು, ಮುಖ ಜೋತುಬೀಳುತ್ತಿತ್ತು. ಎರಡು ನರಗಳೂ ಮುಖಕ್ಕೆ ಹೋಗುತ್ತವೆ. ಒಂದೇ ಚರ್ಮಕ್ಕೆ, ಒಂದೇ ಸ್ನಾಯುಗಳಿಗೆ ಎರಡು ನರಗಳೇಕೆ ಎಂದು ಕೇಳಿದವರು ವಿರಳ.

ಕೇಳಿದವರು ಚಾರ್ಲ್ಸ್ ಬೆಲ್. ಎಡಿನ್‌ಬರೋದಲ್ಲಿ ಹುಟ್ಟಿ 1804ರಲ್ಲಿ ಲಂಡನ್ನಿಗೆ ಬಂದ ಬೆಲ್, ಆಮೇಲೆ ಗ್ರೇಟ್ ವಿಂಡ್‌ಮಿಲ್ ಸ್ಟ್ರೀಟಿನ ಅಂಗರಚನಾ ಶಾಲೆಯಲ್ಲಿ ಪಾಠ ಹೇಳಿದರು. ವಿಲಿಯಂ ಹಂಟರ್ ಕಟ್ಟಿಸಿದ ಆ ಕಟ್ಟಡದ ಗೋಡೆ ಈಗ ಷಾಫ್ಟ್ಸ್‌ಬರಿ ಅವೆನ್ಯೂವಿನ ಲಿರಿಕ್ ನಾಟಕಶಾಲೆಯ ಹಿಂಬದಿಯಾಗಿ ನಿಂತಿದೆ. ಬೆಲ್ ಚಿತ್ರಕಾರರೂ ಹೌದು. ಭಾವಗಳು ಮುಖದಲ್ಲಿ ಮೂಡುವ ಬಗೆಯನ್ನು ಕುರಿತು ಕಲಾವಿದರಿಗಾಗಿ 1806ರಲ್ಲೇ ಒಂದು ಪುಸ್ತಕ ಬರೆದಿದ್ದರು. 1821ರಲ್ಲಿ ರಾಯಲ್ ಸೊಸೈಟಿಗೆ ಸಲ್ಲಿಸಿದ ಲೇಖನದಲ್ಲಿ ಕತ್ತೆಗಳ ಮೇಲೆ ನಡೆದ ಪ್ರಯೋಗಗಳಿಂದ ಅವರು ತೋರಿಸಿದ್ದು ಇದು: ಏಳನೆಯ ನರ ಕತ್ತರಿಸಿದರೆ ಮೂಗಿನ ಹೊಳ್ಳೆ ಅಲುಗುವುದಿಲ್ಲ, ಮುಖದ ಸ್ಪರ್ಶಜ್ಞಾನ ಉಳಿಯುತ್ತದೆ, ಐದನೆಯದು ಹೋದರೆ ಸ್ಪರ್ಶ ಹೋಗುತ್ತದೆ. ಅವರು ಹೇಳಿದ್ದೆಲ್ಲ ಸರಿಯಿರಲಿಲ್ಲ. ಏಳನೆಯದನ್ನು ಉಸಿರಾಟಕ್ಕೆ ಸಂಬಂಧಿಸಿದ ನರವೆಂದು ಭಾವಿಸಿದ್ದರು. ಅವರ ಶಿಷ್ಯರಾಗಿದ್ದ ಹರ್ಬರ್ಟ್ ಮೇಯೋ 1822ರಲ್ಲಿ ಕೆಲಸಗಳ ಹಂಚಿಕೆಯನ್ನು ಇನ್ನಷ್ಟು ಖಚಿತಪಡಿಸಿದರು. ಪ್ಯಾರಿಸ್ಸಿನಲ್ಲಿ ಮ್ಯಾಜೆಂಡಿ ಅದೇ ವರ್ಷ ಬೆನ್ನುಹುರಿಯ ನರಬೇರುಗಳ ಕೆಲಸವನ್ನು ಬೇರ್ಪಡಿಸಿದರು. ಬೆಲ್ ತಮ್ಮ ಹಳೆಯ ಲೇಖನಗಳನ್ನು ಮರುಮುದ್ರಿಸುವಾಗ ಮಾತುಗಳನ್ನು ತಿದ್ದಿ ಮೊದಲಿಗರಾಗಲು ನೋಡಿದರು ಎಂಬುದನ್ನು ಇತಿಹಾಸಕಾರರು ಎರಡೂ ಪಾಠಗಳನ್ನು ಹೋಲಿಸಿ ತೋರಿಸಿದ್ದಾರೆ. ಅದು ಅವರಿಗೆ ಶೋಭೆ ತರುವ ಸಂಗತಿಯಲ್ಲ. ಆದರೂ ಸರಿಯಾದ ಪ್ರಶ್ನೆ ಅವರದು, ಪ್ರಶ್ನೆಯ ಋಣ ದೊಡ್ಡದು.

ಎರಡು ನರಗಳೇಕೆ ಎಂಬುದಕ್ಕೆ ಉತ್ತರ ಬಂದದ್ದು ಭ್ರೂಣಶಾಸ್ತ್ರದಿಂದ. ಭ್ರೂಣದ ಕತ್ತಿನ ಎರಡೂ ಪಕ್ಕಗಳಲ್ಲಿ ಸಾಲಾಗಿ ಕಮಾನುಗಳು ಮೂಡುತ್ತವೆ. ಮೀನಿನಲ್ಲಿ ಕಿವಿರುಗಳಾಗುವ ಭಾಗಗಳಿಗೆ ಸಮಾನವಾದವು. ಒಂದೊಂದು ಕಮಾನಿಗೂ ತನ್ನದೇ ಮೃದ್ವಸ್ಥಿ, ತನ್ನದೇ ಸ್ನಾಯು, ತನ್ನದೇ ನರ. ಮೊದಲನೆಯದರಿಂದ ದವಡೆ ಮತ್ತು ಅಗಿಯುವ ಸ್ನಾಯುಗಳು; ಅದರ ನರ ಐದನೆಯದು. ಎರಡನೆಯದರ ಸ್ನಾಯುಗಳು ಮಾತ್ರ ಹುಟ್ಟಿದ ಜಾಗದಲ್ಲಿ ನಿಲ್ಲುವುದಿಲ್ಲ. ಅವು ಮುಖದ ಮೇಲೆಲ್ಲ ಹರಡಿ, ಚರ್ಮದ ಅಡಿಯಲ್ಲಿ ತೆಳುವಾಗಿ ಹಬ್ಬಿ, ಹುಬ್ಬು ಹಾರಿಸುವ, ಕಣ್ಣು ಮುಚ್ಚುವ, ನಗುವ ಸ್ನಾಯುಗಳಾಗುತ್ತವೆ. ತಮ್ಮ ನರವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತವೆ. ಆ ನರ ಏಳನೆಯದು. ಅವು ಹರಡಿದ ನೆಲ ಅದಾಗಲೇ ಐದನೆಯದರ ಸ್ಪರ್ಶಕ್ಕೆ ಒಳಪಟ್ಟಿತ್ತು. ಸ್ನಾಯು ಎಷ್ಟು ದೂರ ಹೋದರೂ ನರ ಬದಲಾಗುವುದಿಲ್ಲ ಎಂಬ ಈ ಒಂದು ನಿಯಮ ತಿಳಿದರೆ ಕಪಾಲ ನರಗಳ ಅರ್ಧ ಪಾಠ ತಾನಾಗಿ ಬಿಡಿಸಿಕೊಳ್ಳುತ್ತದೆ. ದನಿಪೆಟ್ಟಿಗೆಯ ಎಡ ನರ ಎದೆಯವರೆಗೆ ಇಳಿದು ಮಹಾಧಮನಿಯನ್ನು ಬಳಸಿ ಮತ್ತೆ ಮೇಲೇರುವುದಕ್ಕೂ ಕಾರಣ ಇದೇ ಕಮಾನುಗಳ ಚರಿತ್ರೆ.

ಇಲ್ಲಿ ಇನ್ನೊಬ್ಬ ಲಂಡನ್ನಿಗರನ್ನು ನೆನೆಯಬೇಕು. ಅವರ ಕಾಲದಲ್ಲಿ ಕೆಂಟ್ ಪ್ರಾಂತ್ಯದಲ್ಲಿದ್ದ ಡೌನ್ ಹಳ್ಳಿ ಈಗ ಬ್ರಾಮ್ಲಿ ಆಡಳಿತಕ್ಕೆ, ಅಂದರೆ ಮಹಾ ಲಂಡನ್ನಿಗೆ ಸೇರಿದೆ. ಅಲ್ಲಿದ್ದ ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಭಾವಾಭಿವ್ಯಕ್ತಿಯನ್ನು ಕುರಿತ ತಮ್ಮ ಪುಸ್ತಕ ಪ್ರಕಟಿಸಿದಾಗ ಬೆಲ್‌ರನ್ನು ಆದರದಿಂದ ಸ್ಮರಿಸಿ, ಒಂದು ಮುಖ್ಯ ವಿಷಯದಲ್ಲಿ ಭಿನ್ನಮತ ತಾಳಿದರು. ಮುಖದ ಕೆಲವು ಸ್ನಾಯುಗಳನ್ನು ಮನುಷ್ಯನ ಭಾವ ತೋರಲೆಂದೇ ಸೃಷ್ಟಿಸಲಾಗಿದೆ ಎಂಬುದು ಬೆಲ್ ನಂಬಿಕೆ. ಪ್ರಾಣಿಗಳಲ್ಲೂ ಇವೇ ಸ್ನಾಯುಗಳಿವೆ ಎಂಬುದು ಡಾರ್ವಿನ್ ಉತ್ತರ. ನರದ ಸಾಕ್ಷ್ಯ ಡಾರ್ವಿನ್ ಕಡೆಗಿದೆ.

ಬೆಲ್ ಹೆಸರು ಜನರ ಬಾಯಲ್ಲಿ ಉಳಿದಿರುವುದು ಮುಖದ ಪಾರ್ಶ್ವವಾಯುವಿನಿಂದ. ಆಯುರ್ವೇದ ಅರ್ದಿತ ಎನ್ನುವ, ಊರಲ್ಲಿ ಮುಖಕ್ಕೆ ಲಕ್ವ ಹೊಡೆಯಿತು, ಬಾಯಿ ಸೊಟ್ಟಗಾಯಿತು ಎಂದು ಹೇಳುವ ಸ್ಥಿತಿಗಳ ಗುಂಪಿನಲ್ಲಿ ಇದೂ ಒಂದು. ಇದು ಮೂಳೆ ಮತ್ತು ನರದ ಸಂಬಂಧಕ್ಕೆ ಕೊಡಬಹುದಾದ ಅತ್ಯುತ್ತಮ ಉದಾಹರಣೆ. ಮುಖನರ ಕಿವಿಯ ಮೂಳೆಯೊಳಗೆ ಎರಡು ಸಲ ತಿರುಗಿ ಸುಮಾರು 3 ಸೆಂಟಿಮೀಟರ್ ಸಾಗುತ್ತದೆ. ಬುರುಡೆಯಿಂದ ಹೊರಬೀಳುವ ಮುನ್ನ ಮೂಳೆಯೊಳಗೆ ಇಷ್ಟು ದೂರ ಸಾಗುವ ಕಪಾಲ ನರ ಇನ್ನೊಂದಿಲ್ಲ. ಆ ಕಾಲುವೆಯ ಅತ್ಯಂತ ಇಕ್ಕಟ್ಟಾದ ಭಾಗ ಒಂದು ಮಿಲಿಮೀಟರಿಗಿಂತಲೂ ಕಿರಿದು. ಉರಿಯೂತದಿಂದ ನರ ಊದಿಕೊಂಡರೆ ಮೂಳೆ ಜಾಗ ಬಿಡುವುದಿಲ್ಲ; ನರ ತನ್ನ ಊತದಿಂದಲೇ ಹಿಸುಕಿಹೋಗುತ್ತದೆ. ಒಂದು ಬದಿಯ ಹಣೆ ಸುಕ್ಕುಗಟ್ಟುವುದಿಲ್ಲ, ಕಣ್ಣು ಮುಚ್ಚುವುದಿಲ್ಲ, ತುಟಿಯಂಚಿನಿಂದ ನೀರು ಸೋರುತ್ತದೆ. ಮಿದುಳಿನ ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಹಣೆ ಉಳಿದುಕೊಳ್ಳುತ್ತದೆ, ಏಕೆಂದರೆ ಹಣೆಗೆ ಮಿದುಳಿನ ಎರಡೂ ಬದಿಗಳಿಂದ ಅಪ್ಪಣೆ ಬರುತ್ತದೆ. ಈ ವ್ಯತ್ಯಾಸವನ್ನು ಮನೆಯಲ್ಲಿ ಕುಳಿತು ತೀರ್ಮಾನಿಸುವುದು ಬೇಡ. ಮುಖ ಸೊಟ್ಟಗಾದ ಕೂಡಲೇ ಲಂಡನ್ನಿನಲ್ಲಿ 999ಕ್ಕೆ, ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಬೇಕು. ಬೆಲ್ ಪಾರ್ಶ್ವವಾಯುವೇ ಎಂದು ಖಚಿತವಾದರೆ 72 ಗಂಟೆಗಳೊಳಗೆ ಸ್ಟಿರಾಯ್ಡ್ ಮಾತ್ರೆ ಶುರುವಾಗುವುದು ಒಳ್ಳೆಯದೆಂಬುದು ದೊಡ್ಡ ಪರೀಕ್ಷೆಗಳಿಂದ ದೃಢಪಟ್ಟಿದೆ. ಮುಚ್ಚದ ಕಣ್ಣು ಒಣಗದಂತೆ ಹನಿ ಹಾಕಿ, ರಾತ್ರಿ ರೆಪ್ಪೆ ಮುಚ್ಚಿ ಅಂಟಿಸಿ ಕಾಪಾಡುವುದು ಮಾತ್ರೆಯಷ್ಟೇ ಮುಖ್ಯ. ಹೆಚ್ಚಿನವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ.

ಬುರುಡೆ ಎಂದರೆ ಏನು ಎಂಬ ದೊಡ್ಡ ಪ್ರಶ್ನೆಯೂ ಲಂಡನ್ನಿನಲ್ಲಿ ಚರ್ಚೆಗೆ ಬಂತು. ಬುರುಡೆಯು ಮಾರ್ಪಟ್ಟ ಬೆನ್ನೆಲುಬಿನ ಮಣಿಗಳ ಸಾಲು ಎಂದು ಜರ್ಮನಿಯ ಗಯಟೆ ಮತ್ತು ಓಕೆನ್ ಹೇಳಿದ್ದರು. ರಿಚರ್ಡ್ ಓವೆನ್ 1848ರಲ್ಲಿ ಅದನ್ನು ದೊಡ್ಡ ಸಿದ್ಧಾಂತವಾಗಿ ಬೆಳೆಸಿದರು. ಹತ್ತು ವರ್ಷಗಳ ನಂತರ, 1858ರ ಜೂನ್ ತಿಂಗಳಲ್ಲಿ, ಥಾಮಸ್ ಹೆನ್ರಿ ಹಕ್ಸ್‌ಲಿ ರಾಯಲ್ ಸೊಸೈಟಿಯ ಕ್ರೂನಿಯನ್ ಉಪನ್ಯಾಸದಲ್ಲಿ ಅದನ್ನು ಕೆಡವಿದರು. ದೊಡ್ಡವರ ಮೂಳೆಗಳನ್ನು ಹೋಲಿಸಿ ಊಹಿಸುವುದು ಸಾಲದು, ಅವು ಬೆಳೆದು ಬಂದ ಬಗೆಯನ್ನು ನೋಡಿ. ಬುರುಡೆಯ ತಳದ ಮೃದ್ವಸ್ಥಿ ಮಣಿಗಳಾಗಿ ಒಡೆದು ಬೆಳೆಯುವುದೇ ಇಲ್ಲ ಎಂಬುದು ಅವರ ವಾದ. ವಿಧಾನದಲ್ಲಿ ಹಕ್ಸ್‌ಲಿ ಗೆದ್ದದ್ದು ನ್ಯಾಯವೇ. ಸೋತ ಕಡೆಯಲ್ಲೂ ಒಂದು ಚೂರು ನಿಜವಿತ್ತು ಎಂಬುದು ಆಮೇಲೆ ತಿಳಿಯಿತು: ಹಿಂದಲೆಯ ಮೂಳೆಯ ತಳಭಾಗ ಬೆನ್ನೆಲುಬಿನ ಮಣಿಗಳು ಹುಟ್ಟುವಂಥದೇ ತುಣುಕುಗಳು ಬೆಸೆದು ಆದದ್ದು, ಅದರ ಮೂಲಕ ಹೊರಡುವ ಹನ್ನೆರಡನೆಯ ನರವೂ ಸ್ವಭಾವದಲ್ಲಿ ಬೆನ್ನುಹುರಿಯ ನರ. ಮುಖದ ಮೂಳೆಗಳದು ಇನ್ನೂ ಸೋಜಿಗ. ನರಕೊಳವೆಯ ಅಂಚಿನಿಂದ ಕಳಚಿ ವಲಸೆ ಹೊರಡುವ ಕೋಶಗಳಿಂದ ಅವು ಆಗುತ್ತವೆ. ಮುಖದ ಸ್ಪರ್ಶನರದ ಗಂಟಿನ ಒಂದು ಪಾಲೂ ಅದೇ ಕೋಶಗಳಿಂದ. ಹಕ್ಕಿಗಳ ಭ್ರೂಣಗಳ ನಡುವೆ ಕೋಶ ಬದಲಾಯಿಸಿ ಫ್ರಾನ್ಸಿನ ನಿಕೋಲ್ ಲ ದುವಾರಿನ್ ನಡೆಸಿದ ಪ್ರಯೋಗಗಳು ಈ ವಲಸೆಯನ್ನು ಕಣ್ಣಿಗೆ ಕಾಣುವಂತೆ ಮಾಡಿದವು. ಮೂಳೆ ಬೇರೆ, ನರ ಬೇರೆ ಎಂಬ ಅಧ್ಯಾಯ ವಿಭಜನೆಗೆ ಇದಕ್ಕಿಂತ ದೊಡ್ಡ ಆಕ್ಷೇಪ ಬೇಕಿಲ್ಲ.

ಆಸ್ಪತ್ರೆಗಳಲ್ಲಿ ಈ ಸಂಬಂಧವನ್ನು ಓದಲು ಕಲಿತವರ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಥೇಮ್ಸ್ ದಡದಲ್ಲಿ ಬಸವೇಶ್ವರರ ಪ್ರತಿಮೆಯತ್ತ ನಡೆಯುವ ನಮ್ಮವರು ಸೇಂಟ್ ಥಾಮಸ್ ಆಸ್ಪತ್ರೆಯನ್ನು ದಾಟಿ ಹೋಗುತ್ತಾರೆ. ಅಲ್ಲಿನ ಶಸ್ತ್ರವೈದ್ಯ ವಿಲಿಯಂ ಹೆನ್ರಿ ಬ್ಯಾಟಲ್, ಕಿವಿಯ ಹಿಂದೆ ತಡವಾಗಿ ಮೂಡುವ ನೀಲಿ ಕಲೆ ಬುರುಡೆಯ ತಳ ಬಿರುಕುಬಿಟ್ಟದ್ದರ ಗುರುತು ಎಂದು 1890ರ ಉಪನ್ಯಾಸಗಳಲ್ಲಿ ವಿವರಿಸಿದರು. ತಲೆಗೆ ಪೆಟ್ಟಾದವರ ಒಂದು ಕಣ್ಣಿನ ಪಾಪೆ ಹಿಗ್ಗುವುದನ್ನು ಲಂಡನ್ ಆಸ್ಪತ್ರೆಯ ಜೊನಾಥನ್ ಹಚಿನ್ಸನ್ ಗಮನಿಸಿದರು. ಊದಿದ ಮಿದುಳು ಮೂರನೆಯ ನರವನ್ನು ಅದುಮಿದಾಗ ಹಾಗಾಗುತ್ತದೆ. ಕ್ವೀನ್ ಸ್ಕ್ವೇರ್ ಆಸ್ಪತ್ರೆಯ ಜೇಮ್ಸ್ ಕಾಲಿಯರ್ 1904ರಲ್ಲಿ ಹೇಳಿದ ಎಚ್ಚರಿಕೆ ನನಗೆ ಎಲ್ಲಕ್ಕಿಂತ ಹಿಡಿಸುತ್ತದೆ. ಆರನೆಯ ನರ ಕೆಟ್ಟು ಕಣ್ಣು ಒಳಕ್ಕೆ ತಿರುಗಿದರೆ ಗೆಡ್ಡೆ ಆ ನರದ ಬಳಿಯೇ ಇದೆ ಎಂದುಕೊಳ್ಳಬೇಡಿ, ಅದು ಎಲ್ಲೋ ದೂರದಲ್ಲಿದ್ದು ಬುರುಡೆಯೊಳಗಿನ ಒತ್ತಡ ಮಾತ್ರ ನರವನ್ನು ತಲುಪಿರಬಹುದು. ಮುಚ್ಚಿದ ಪೆಟ್ಟಿಗೆಯಲ್ಲಿ ಒತ್ತಡ ಎಲ್ಲೆಡೆಗೂ ಹರಡುತ್ತದೆ. ಅಂಗರಚನೆ ಗೊತ್ತಿದ್ದವರೇ ಅದನ್ನು ಅತಿಯಾಗಿ ನಂಬಿ ಮೋಸಹೋಗುವ ಸಂದರ್ಭವಿದು.

ಇನ್ನು ಪುಸ್ತಕದ ಮಾತು. ಹೈಡ್ ಪಾರ್ಕ್ ಕಾರ್ನರಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿದ್ದ ಹೆನ್ರಿ ಗ್ರೇ ಬರೆದ ಪಠ್ಯ 1858ರಲ್ಲಿ ಹೊರಬಂತು. ಅದರ ಚಿತ್ರಗಳು ಹೆನ್ರಿ ವ್ಯಾಂಡೈಕ್ ಕಾರ್ಟರ್ ಅವರವು. ಆವರೆಗಿನ ಹೆಚ್ಚಿನ ಪುಸ್ತಕಗಳಲ್ಲಿ ಚಿತ್ರದ ಮೇಲೆ ಅಂಕೆಗಳಿದ್ದು ಹೆಸರುಗಳನ್ನು ಬೇರೆಡೆ ಹುಡುಕಬೇಕಿತ್ತು. ಕಾರ್ಟರ್ ಹೆಸರನ್ನು ಭಾಗದ ಮೇಲೆಯೇ, ನರದ ಉದ್ದಕ್ಕೂ, ಮೂಳೆಯ ಮೈಮೇಲೆ ಬರೆದರು. ಕಿಂಡಿಯನ್ನೂ ಅದರಲ್ಲಿ ಹೋಗುವ ನರದ ಹೆಸರನ್ನೂ ಕಣ್ಣು ಒಂದೇ ನೋಟದಲ್ಲಿ ಕಂಡಿತು. ಪುಸ್ತಕ ಇಷ್ಟು ಕಾಲ ಬಾಳಲು ಗ್ರೇ ಅವರ ಸ್ಪಷ್ಟ ಗದ್ಯ ಎಷ್ಟು ಕಾರಣವೋ ಈ ಚಿತ್ರಗಳೂ ಅಷ್ಟೇ ಕಾರಣ. ಆದರೂ ಕಾರ್ಟರ್‌ಗೆ ಸಿಕ್ಕಿದ್ದು ಒಂದೇ ಸಲದ ಸಂಭಾವನೆ. ಕರಡಿನ ಶೀರ್ಷಿಕೆಪುಟದಲ್ಲಿ ಅವರ ಹೆಸರನ್ನು ಚಿಕ್ಕ ಅಕ್ಷರಕ್ಕೆ ಇಳಿಸುವಂತೆ ಗ್ರೇ ಸೂಚಿಸಿದ್ದನ್ನು ಇತಿಹಾಸಕಾರ್ತಿ ರೂತ್ ರಿಚರ್ಡ್‌ಸನ್ ಬೆಳಕಿಗೆ ತಂದಿದ್ದಾರೆ. ಗ್ರೇ 1861ರಲ್ಲಿ ಸಿಡುಬಿನಿಂದ, ಕೇವಲ 34ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಪುಸ್ತಕ ಹೊರಬಂದ ವರ್ಷವೇ ಕಾರ್ಟರ್ ಮುಂಬೈಗೆ ಹಡಗೇರಿದ್ದರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆ ಕಲಿಸಿ, ಮೂರು ದಶಕಗಳ ಸೇವೆಯ ಬಹುಪಾಲು ಮುಂಬೈ ಪ್ರಾಂತ್ಯದಲ್ಲಿ ಕಳೆದರು; ಧಾರವಾಡ, ಬೆಳಗಾವಿ, ವಿಜಯಪುರಗಳೂ ಆಗ ಆ ಪ್ರಾಂತ್ಯಕ್ಕೆ ಸೇರಿದ್ದವು. ಕುಷ್ಠರೋಗವನ್ನು ಕುರಿತ ಅವರ ಅಧ್ಯಯನ ನರಗಳ ಕಡೆಗೆ ತಿರುಗಿದ್ದು ಅಂಗರಚನೆ ಬಲ್ಲವರಿಗೆ ಸಹಜ. ಕುಷ್ಠದಲ್ಲಿ ಏಳನೆಯ ನರದ ಕವಲು ಕೆಟ್ಟರೆ ರೆಪ್ಪೆ ಮುಚ್ಚುವುದಿಲ್ಲ. ಐದನೆಯದು ಕೆಟ್ಟರೆ ಕಣ್ಣಿಗೆ ಧೂಳು ಬಿದ್ದದ್ದು ತಿಳಿಯುವುದಿಲ್ಲ. ಎರಡೂ ಸೇರಿದರೆ ಕಣ್ಣು ಹೋಗುತ್ತದೆ. ಬೆಲ್ ಲಂಡನ್ನಿನಲ್ಲಿ ಬೇರ್ಪಡಿಸಿದ ಎರಡು ನರಗಳು ನಮ್ಮ ನಾಡಿನ ಬಡವರ ಮುಖದಲ್ಲಿ ಹೀಗೆ ಒಟ್ಟಾಗಿ ಸೋಲುತ್ತಿದ್ದವು.

ಬಂಧುಗಳೇ, ಇಷ್ಟೆಲ್ಲ ಕಲಿಸಿದ ದೇಹಗಳು ಯಾರವು ಎಂಬ ಪ್ರಶ್ನೆಯನ್ನು ಬಿಟ್ಟು ಈ ವಿಷಯ ಮುಗಿಯಲಾರದು. ಬೆಲ್ ಕಾಲದಲ್ಲಿ ಸ್ಮಶಾನಗಳಿಂದ ಶವ ಕದ್ದು ಮಾರುವವರಿದ್ದರು. 1831ರಲ್ಲಿ ಬೆತ್ನಲ್ ಗ್ರೀನ್ ಬಳಿ ಬಾಲಕನೊಬ್ಬನನ್ನು ಕೊಂದು ಅವನ ದೇಹವನ್ನು ಕಿಂಗ್ಸ್ ಕಾಲೇಜಿಗೆ ಮಾರಲು ಬಂದವರು ಸಿಕ್ಕಿಬಿದ್ದರು. ಮರುವರ್ಷ ಬಂದ ಅಂಗರಚನಾ ಕಾಯ್ದೆ ಕಳ್ಳತನವನ್ನು ನಿಲ್ಲಿಸಿತು. ಬಂಧುಗಳು ಕೇಳಿಕೊಂಡು ಬಾರದ ಬಡವರ ದೇಹಗಳನ್ನು ವರ್ಕ್‌ಹೌಸ್ ಎಂಬ ದುಡಿಮೆಮನೆಗಳಿಂದ ಅಂಗರಚನಾ ಶಾಲೆಗಳಿಗೆ ಕೊಡಲು ದಾರಿಮಾಡಿತು. ಜೆರೆಮಿ ಬೆಂಥಮ್ ಅದೇ ವರ್ಷ ತಮ್ಮ ದೇಹವನ್ನು ತಾವಾಗಿ ಬಿಟ್ಟುಕೊಟ್ಟರು. ಗ್ರೇ ಮತ್ತು ಕಾರ್ಟರ್ ಕತ್ತರಿಸಿದ ದೇಹಗಳಿಗೆ ಆ ಆಯ್ಕೆ ಇರಲಿಲ್ಲ, ಪುಸ್ತಕದಲ್ಲಿ ಅವರ ಹೆಸರೂ ಇಲ್ಲ. ಅದೇ ಶತಮಾನದಲ್ಲಿ ಬುರುಡೆಯ ಉಬ್ಬುತಗ್ಗುಗಳಿಂದ ಗುಣ ಹೇಳುವ, ಅದರ ಅಳತೆಯಿಂದ ಜನಾಂಗಗಳನ್ನು ಮೇಲು ಕೀಳೆಂದು ಸಾಲುಹಿಡಿಸುವ ಗೀಳೂ ಬೆಳೆಯಿತು. ಜೋಸೆಫ್ ಬರ್ನಾರ್ಡ್ ಡೇವಿಸ್ ಎಂಬ ವೈದ್ಯರು ಪ್ರಪಂಚದ ಮೂಲೆಮೂಲೆಗಳಿಂದ ತರಿಸಿದ ಸಾವಿರಕ್ಕೂ ಮಿಕ್ಕಿದ ಬುರುಡೆಗಳು 1880ರಲ್ಲಿ ಲಿಂಕನ್ಸ್ ಇನ್ ಫೀಲ್ಡ್ಸಿನ ಶಸ್ತ್ರವೈದ್ಯರ ಕಾಲೇಜು ಸೇರಿದವು. ಹೊರಗಿನ ಉಬ್ಬುಗಳನ್ನು ಅಳೆದವರು ಒಳಗಿನ ಕಿಂಡಿಗಳನ್ನು ನೋಡಿದ್ದರೆ, ಎಲ್ಲ ನಾಡುಗಳ ಬುರುಡೆಯಲ್ಲೂ ಅದೇ ನರಗಳಿಗೆ ಅದೇ ದಾರಿ ಇರುವುದು ಕಂಡಿರುತ್ತಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಲಂಡನ್ನಿನ ವೈದ್ಯ ವಿದ್ಯಾರ್ಥಿಗಳು ಕೊಂಡುಕೊಳ್ಳುತ್ತಿದ್ದ ಅರ್ಧ ಅಸ್ಥಿಪಂಜರದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಭಾರತದಿಂದ, ಮುಖ್ಯವಾಗಿ ಕಲ್ಕತ್ತದ ವ್ಯಾಪಾರಿಗಳಿಂದ ಬರುತ್ತಿದ್ದವು. ಭಾರತ ಸರ್ಕಾರ 1985ರಲ್ಲಿ ರಫ್ತನ್ನು ನಿಷೇಧಿಸಿತು. ಅದಕ್ಕೆ ಮುಂಚೆ ಬಂದ ಮೂಳೆಗಳು ಕಾಲೇಜುಗಳಲ್ಲಿ, ಹಳೆಯ ವೈದ್ಯರ ಅಟ್ಟಗಳಲ್ಲಿ ಇನ್ನೂ ಇವೆ. ಬ್ರಿಟನ್ನಿನ 2004ರ ಮಾನವ ಅಂಗಾಂಶ ಕಾಯ್ದೆ ಒಪ್ಪಿಗೆಯನ್ನು ಮೂಲತತ್ವವಾಗಿ ಮಾಡಿಕೊಂಡರೂ ಹಳೆಯ ಸಂಗ್ರಹಗಳಿಗೆ ವಿನಾಯಿತಿ ಕೊಟ್ಟಿದೆ. ಕಾನೂನು ಅಷ್ಟಕ್ಕೆ ನಿಂತರೂ ಪಾಠ ಹೇಳುವವರು ಅಲ್ಲಿಗೆ ನಿಲ್ಲಬೇಕಾಗಿಲ್ಲ. ಕೈಯಲ್ಲಿರುವ ಬುರುಡೆ ಭಾರತದ ಯಾರೋ ಒಬ್ಬರದು, ಅವರನ್ನು ಯಾರೂ ಕೇಳಿರಲಿಲ್ಲ ಎಂಬುದನ್ನು ಕಿಂಡಿಗಳ ಹೆಸರು ಹೇಳುವ ಮುಂಚೆ ವಿದ್ಯಾರ್ಥಿಗಳಿಗೆ ಹೇಳಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ, ಈ ಸಭೆಯ ವೈದ್ಯ ಶಿಕ್ಷಕರಲ್ಲಿ ನನ್ನ ಕೋರಿಕೆಯೂ ಹೌದು.

ಕರ್ನಾಟಕದಲ್ಲಿ 1957ರ ಅಂಗರಚನಾ ಕಾಯ್ದೆಯಡಿ ವಾರಸುದಾರರಿಲ್ಲದ ದೇಹಗಳು ಬಹುಕಾಲ ಕಾಲೇಜುಗಳಿಗೆ ಬಂದವು. ತಾವಾಗಿ ಕೊಡುವವರ ಪರಂಪರೆ ನಿಧಾನವಾಗಿ ಬೆಳೆಯುತ್ತಿದೆ. ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಅಂಗರಚನೆ ಕಲಿಸುವ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ತಮ್ಮ ತಂದೆ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರ ಇಚ್ಛೆಯಂತೆ ತಂದೆಯ ದೇಹವನ್ನು ವಿದ್ಯಾರ್ಥಿಗಳೆದುರು ತಾವೇ ಛೇದಿಸಿ ಪಾಠ ಮಾಡಿದರು. ತಂದೆಯ ಒಪ್ಪಿಗೆ, ಮಗನ ಕೈ, ಹೆಸರು ತಿಳಿದ ದೇಹ: ಗ್ರೇ ಪುಸ್ತಕದ ಕಾಲದಲ್ಲಿ ಇಲ್ಲದಿದ್ದ ಮೂರೂ ಅಲ್ಲಿದ್ದವು.

ಲಂಡನ್ನಿನಲ್ಲಿ ನೆಲೆಸಿದ ನಮ್ಮಲ್ಲಿ ಯಾರಿಗಾದರೂ ದೇಹದಾನದಲ್ಲಿ ಮನಸ್ಸಿದ್ದರೆ ತಿಳಿದಿರಬೇಕಾದ ವಿಷಯಗಳು ಕೆಲವೇ. ಒಪ್ಪಿಗೆಯನ್ನು ಬದುಕಿರುವಾಗಲೇ, ಬರವಣಿಗೆಯಲ್ಲಿ, ಸಾಕ್ಷಿಯ ಎದುರು ಕೊಡಬೇಕು. ಸತ್ತ ಮೇಲೆ ಮನೆಯವರು ಪರವಾಗಿ ಕೊಡಲು ಬರುವುದಿಲ್ಲ. ಪತ್ರದ ಒಂದು ಪ್ರತಿ ಉಯಿಲಿನ ಜೊತೆ ಇರಲಿ, ಮನೆಯವರಿಗೂ ವೈದ್ಯರಿಗೂ ವಿಷಯ ಗೊತ್ತಿರಲಿ. ಮರಣೋತ್ತರ ಪರೀಕ್ಷೆ ನಡೆದಿದ್ದರೆ ಅಥವಾ ಕೆಲವು ಸೋಂಕುಗಳಿದ್ದರೆ ಕಾಲೇಜು ದೇಹವನ್ನು ಸ್ವೀಕರಿಸದೆ ಇರಬಹುದು, ಆದ್ದರಿಂದ ಅಂತ್ಯಕ್ರಿಯೆಯ ಬೇರೆ ಏರ್ಪಾಡೂ ಮನಸ್ಸಿನಲ್ಲಿರಬೇಕು. ಅಧ್ಯಯನ ಮುಗಿದ ಮೇಲೆ ದಹನದ ಹೊಣೆಯನ್ನು ಸಾಮಾನ್ಯವಾಗಿ ಕಾಲೇಜೇ ಹೊರುತ್ತದೆ. ಸಂಸ್ಕಾರವನ್ನು ತಾವೇ ಮಾಡಬೇಕೆಂದಿರುವ ಕುಟುಂಬದವರು ಅದನ್ನು ಮೊದಲೇ ತಿಳಿಸಬಹುದು.